ಅತ್ತೆ ಹೊಲಿಯದ ಅಂಗಿ

1999ನೇ ಇಸವಿ. ನನ್ನ ಮಗಳು ವನಜ ಚೊಚ್ಚಲ ಹೆರಿಗೆಗೆಂದು ತುಮಕೂರಿನ ನಮ್ಮ ಮನೆಗೆ ಬಂದಿದ್ದಳು. ಏಳು ತಿಂಗಳು ತುಂಬುತ್ತಿದ್ದಂತೆ ನನಗೆ ಕೈ ಸುಮ್ಮನಿರಲಿಲ್ಲ. ಮೆತ್ತನೆಯ ಬಿಳಿ ಮಲ್ ಬಟ್ಟೆ ತಂದು, ಹುಟ್ಟುವ ಕೂಸಿಗೆ ನಾಲ್ಕು ಪುಟ್ಟ ಅಂಗಿ ಹೊಲಿದಿಡೋಣ ಎಂದು ಕತ್ತರಿ ಹಿಡಿದು ಕೂತೆ. ಗುಬ್ಬಿಯಿಂದ ಬಂದಿದ್ದ ನಮ್ಮತ್ತೆ ಗೌರಮ್ಮನವರು ನೋಡಿದವರೇ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡರು.

“ಹುಟ್ಟೋಕೆ ಮುಂಚೆ ಬಟ್ಟೆ ಹೊಲೀತಾರೇನೇ ಗಿರಿಜಾ? ಕೂಸು ಕೈಗೆ ಬರ್ಲಿ, ಆಮೇಲೆ ಸೂಜಿ ಮುಟ್ಟು. ಮೊದಲ್ನೇ ದಿನಕ್ಕೆ ನಾನು ಹೊಲ್ದಿರೋ ಅಂಗಿ ಇದ್ಯಲ್ಲ, ಅದೇ ಸಾಕು.”

ಆ ಅಂಗಿಯ ವಿಷಯ ನಮ್ಮ ನೆಂಟರಿಷ್ಟರಿಗೆಲ್ಲ ಗೊತ್ತು. ನಮ್ಮನೆಯವರು ಹುಟ್ಟಿದಾಗ ಮೊದಲು ಹಾಕಿದ್ದು ಅದೇ ಅಂಗಿ. ಅವರ ಹಿಂದೆ ಹುಟ್ಟಿದ ನಾಲ್ವರಿಗೂ ಅದೇ. ನನ್ನ ಎರಡು ಮಕ್ಕಳಿಗೆ, ಮೈದುನನ ಮಕ್ಕಳಿಗೆ, ನಾದಿನಿಯ ಮಕ್ಕಳಿಗೆ, ಎಲ್ಲರಿಗೂ ಹುಟ್ಟಿದ ಕೂಡಲೇ ಗುಬ್ಬಿಯಿಂದ ಆ ಅಂಗಿ ಬರುತ್ತಿತ್ತು. ಮೂರು ದಿನ ಹಾಕಿ, ಒಗೆದು, ಮಡಚಿ, ಮತ್ತೆ ಅತ್ತೆಯ ಟ್ರಂಕು ಸೇರುತ್ತಿತ್ತು. ಅತ್ತೆ ಅದನ್ನು ತಮ್ಮ ಕೈಯಾರೆ ಹೊಲಿದದ್ದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿತವಳು, ಬೀದಿಯವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದವಳು. ಆದರೂ ನಾನು ಏನು ಹೊಲಿದರೂ ಅತ್ತೆಯದು ಒಂದೇ ಮಾತು. “ಮಿಷನ್ ಹೊಲಿಗೆ ಕೂಸಿನ ಮೈಗೆ ಚುಚ್ಚತ್ತೆ. ನನ್ನ ಅಂಗಿ ನೋಡು, ಹೆಂಗೈತೆ.” ಮದುವೆಯಾಗಿ ಬಂದ ಇಪ್ಪತ್ತೇಳು ವರ್ಷವೂ ಈ ಮಾತು ಕೇಳಿದ್ದೆ.

ವನಜಳಿಗೆ ಹೆಣ್ಣುಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮೂರು ದಿನ ಕಳೆದ ಮೇಲೆ ಅಂಗಿಯನ್ನು ಒಗೆದು ನೆರಳಲ್ಲಿ ಒಣಹಾಕಿದೆ. ಈ ಸಲ ಅದು ಟ್ರಂಕಿಗೆ ಹೋಗುವ ಮೊದಲು ಅದರದೇ ಪಡಿಯಚ್ಚಿನ ಇನ್ನೊಂದು ಅಂಗಿ, ಪೂರಾ ಕೈಯಲ್ಲೇ, ಮೊಮ್ಮಗಳಿಗೆ ಹೊಲಿಯಬೇಕೆಂದು ನಿರ್ಧಾರ ಮಾಡಿದ್ದೆ. ಅದು ಅವಳ ಹತ್ತಿರವೇ ಇರಲಿ, ಮುಂದೆ ಅವಳ ಮಕ್ಕಳಿಗೂ ಆಗಲಿ ಎನ್ನುವುದು ಒಂದು ಆಸೆ. ಅತ್ತೆಯ ಬಾಯಿಂದ ಒಮ್ಮೆಯಾದರೂ ‘ಪರವಾಗಿಲ್ಲ ಕಣೇ’ ಅನ್ನಿಸಬೇಕು ಎನ್ನುವುದು ಇನ್ನೊಂದು.

ಹಳೇ ಪೇಪರ್ ಹಾಸಿ, ಅದರ ಮೇಲೆ ಅಂಗಿ ಹರಡಿ, ಪೆನ್ಸಿಲಿನಲ್ಲಿ ಅಳತೆ ಗುರುತು ಮಾಡಿಕೊಳ್ಳುತ್ತಾ ಹೋದೆ. ಅವತ್ತೇ ನಾನು ಆ ಅಂಗಿಯನ್ನು ನಿಜವಾಗಿ ನೋಡಿದ್ದು. ಗುಂಡಿ ಇಲ್ಲ, ಎದೆಯ ಹತ್ತಿರ ಕಟ್ಟಲು ಎರಡು ಕಸೆ. ಬಟ್ಟೆ ಸೇರಿಸಿದ ಅಂಚುಗಳೆಲ್ಲ ಹೊರಗಡೆ ಮಡಚಿ ಕೂತಿದ್ದವು. ಮೈಗೆ ತಾಕುವ ಒಳಗಡೆ ಒಂದು ಗಂಟೂ ಕೈಗೆ ಸಿಗದಷ್ಟು ನುಣ್ಣಗಿತ್ತು. ಇಷ್ಟು ವರ್ಷ ನಾವು ಅದನ್ನು ತಿರುವುಮುರುವು ಹಾಕುತ್ತಿದ್ದೇವೇನೋ ಎಂದು ನನಗೆ ಅನುಮಾನ ಬಂತು. ಕಂಕುಳಲ್ಲಿ ತೋಳು ಮೈ ಸೇರುವ ಕಡೆ ಪುಟ್ಟದೊಂದು ಚೌಕದ ತುಂಡು ಕೂರಿಸಿದ್ದರು. ಅದನ್ನು ಹೇಗೆ ಕೂರಿಸಿದ್ದಾರೆ ಎಂದು ಕನ್ನಡಕ ಹಾಕಿಕೊಂಡು ಎಷ್ಟು ನೋಡಿದರೂ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಕೆಳಗಿನ ಅಂಚು. ಸುತ್ತಲೂ ಮಡಚಿ ಇರುವೆ ಸಾಲಿನಂತೆ ಹೊಲಿದಿದ್ದವರು, ಹಿಂಭಾಗದಲ್ಲಿ ಒಂದು ಹೆಬ್ಬೆರಳಗಲ ಹೊಲಿಯದೇ ಬಿಟ್ಟಿದ್ದರು. ಬಿಚ್ಚಿಹೋದದ್ದಲ್ಲ, ಬಿಟ್ಟದ್ದೇ. ದಾರಕ್ಕೆ ಅಲ್ಲಿಯೇ ಗಂಟು ಹಾಕಿತ್ತು.

“ಅತ್ತೆ, ಇಷ್ಟು ಯಾಕೆ ಹೊಲೀದೇ ಬಿಟ್ಟಿದೀರಿ?” ಎಂದು ಕೇಳಿದೆ.

ಅತ್ತೆ ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ತಿರುಗದೆಯೇ, “ಅದು ಹಂಗೇ ಬುಡಬೇಕು. ಪೂರ್ತಿ ಮಾಡಬಾರದು” ಎಂದರು.

“ಯಾಕೆ?”

“ಕೂಸು ಬೆಳೀಬೇಕಲ್ಲ, ಅದಕ್ಕೆ.”

“ಸರಿ, ಈ ಕಂಕುಳ ಚೌಕ ಹೇಗೆ ಕೂರಿಸಿದ್ರಿ, ಒಂದ್ಸಲ ತೋರ್ಸಿ” ಎಂದು ಸೂಜಿ ದಾರ ಬಟ್ಟೆ ಅವರ ಮುಂದೆ ಇಟ್ಟೆ. ಅತ್ತೆ ಕಣ್ಣು ಕಾಣಲ್ಲ ಅಂದರು. ಮಾರನೆಯ ದಿನ ಕೇಳಿದರೆ ಕೈ ನೋವು ಅಂದರು. ಮೂರನೆಯ ದಿನ ನಾನು ಸೂಜಿ ತಂದದ್ದು ನೋಡಿ ಎದ್ದು ಹಿತ್ತಲಿಗೆ ಹೋದರು. ಆಗ ನನಗೊಂದು ವಿಷಯ ಹೊಳೆಯಿತು. ಇಪ್ಪತ್ತೇಳು ವರ್ಷದಲ್ಲಿ ನಮ್ಮತ್ತೆ ಕಿತ್ತುಹೋದ ಒಂದು ಗುಂಡಿ ಹೊಲಿದದ್ದನ್ನೂ ನಾನು ನೋಡಿರಲಿಲ್ಲ. ಅವರ ರವಿಕೆಯ ಹುಕ್ಕು ಹೋದರೂ ಪಿನ್ನು ಚುಚ್ಚಿಕೊಳ್ಳುತ್ತಿದ್ದರು.

ಆಮೇಲೆ ನನ್ನಿಂದ ಸುಮ್ಮನಿರಲು ಆಗಲಿಲ್ಲ. ದಾರ ತರುವ ನೆಪ ಮಾಡಿಕೊಂಡು, ಅಂಗಿಯನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಮಂಡಿಪೇಟೆಗೆ ಹೋದೆ. ಅಲ್ಲಿ ನಮಗೆ ಪರಿಚಯದ ವಯಸ್ಸಾದ ಟೈಲರ್ ಸಾಬರೊಬ್ಬರಿದ್ದರು. ನನ್ನ ಕತ್ತರಿಗೆ ಸಾಣೆ ಹಿಡಿಸಿಕೊಡುತ್ತಿದ್ದವರು ಅವರೇ. ಅಂಗಿಯನ್ನು ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ಒಳಹೊರಗು ಮಾಡಿದರು, ಕಂಕುಳಿಗೆ ಹೆಬ್ಬೆರಳು ತೂರಿಸಿ ನೋಡಿದರು.

“ಯಾರ್ ಹೊಲ್ದಿದ್ದಮ್ಮ ಇದು?”

“ನಮ್ಮತ್ತೆ.”

ಸಾಬರು ನಕ್ಕರು. “ನಿಮ್ಮತ್ತೆ ಅಲ್ಲ ಬಿಡಿ. ಇದು ನಮ್ಮೋರ ಮನೆ ಹೆಂಗಸರ ಕೈ. ನಮ್ಮ ದಾದಿ, ಅಂದ್ರೆ ನಮ್ಮಪ್ಪನ ತಾಯಿ, ಮಕ್ಕಳ ಕುರ್ತಾಗೆ ಇದೇ ಥರ ಕಂಕುಳಲ್ಲಿ ಚೌಕ ಇಡೋರು. ಕೈ ಎತ್ತಿದ್ರೆ ಎಳೆಯಲ್ಲ ನೋಡಿ. ಈಗ ಯಾರಿಗ್ ಬರತ್ತೆ? ನನಗೇ ಬರಲ್ಲ. ಇದು ಕತ್ತರಿಸಿರೋದು ತಲೆಗೆ ಸುತ್ತೋ ರುಮಾಲಿನ ಬಟ್ಟೇಲಿ. ಕೂಸಿನ ಮೈಗೆ ತಾಕಬಾರದು ಅಂತ ಅಂಚೆಲ್ಲ ಹೊರಗಿಟ್ಟಿದಾರೆ. ತುಂಬಾ ಪ್ರೀತಿಯಿಂದ ಹೊಲ್ದಿದಾರಮ್ಮ.”

ಮನೆಗೆ ನಡೆದುಕೊಂಡು ಬರುವಾಗ ನನಗೆ ಒಳಗೊಳಗೇ ಎಷ್ಟು ಖುಷಿ! ಸಿಕ್ಕಿಬಿದ್ದರು ಎಂದುಕೊಂಡೆ. ಅತ್ತೆಯ ತವರು ಕುಣಿಗಲ್. ನಮ್ಮನೆಯವರು ಹುಟ್ಟಿದ್ದೂ ಅಲ್ಲೇ. ಅಂದರೆ ಅಂಗಿ ಅಲ್ಲಿಂದಲೇ ಬಂದಿರಬೇಕು. ಆದರೆ ಯಾರಿಂದ? ನಾನು ಮದುವೆಯಾಗಿ ಬಂದ ಮೇಲೆ ಅತ್ತೆ ಒಮ್ಮೆಯೂ ಕುಣಿಗಲ್ಲಿಗೆ ಹೋದವರಲ್ಲ. ‘ಅಲ್ಲಿ ನಮ್ಮೋರು ಯಾರವ್ರೆ?’ ಎಂದುಬಿಡುತ್ತಿದ್ದರು. ತಮ್ಮಂದಿರು ಮನೆ ಮಾರಿ ಬೇರೆ ಊರಿಗೆ ಹೋಗಿದ್ದು ನಿಜ. ಆದರೂ ಮದುವೆ ಮನೆಗೆಂದು ಆ ದಾರಿಯಲ್ಲಿ ಹೋಗುವಾಗ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಕಾಫಿಗೆ ಇಳಿದರೆ ಅತ್ತೆ ಮಾತ್ರ ಬಸ್ಸಿನಲ್ಲೇ ಸೆರಗು ಹೊದ್ದು ಕೂತಿರುತ್ತಿದ್ದರು.

ಸಂಜೆ ಕಾಫಿ ಕೊಡುವಾಗ, ಏನೂ ಗೊತ್ತಿಲ್ಲದವಳಂತೆ ಕೇಳಿದೆ. “ಅತ್ತೆ, ಕುಣಿಗಲ್ನಲ್ಲಿ ನಿಮ್ಮನೆ ಹತ್ರ ಹೊಲಿಗೆ ಮಾಡೋ ಸಾಬರ ಮನೆ ಇತ್ತಾ?”

ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟುಬಿಟ್ಟರು. “ಯಾರ್ ಹೇಳಿದ್ರೇ ನಿಂಗೆ?” ಎಂದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ನಾನು ಉತ್ತರ ಕೊಡುವ ಮೊದಲೇ ಎದ್ದು ಹೋದರು.

ಎರಡು ದಿನ ಅತ್ತೆ ನನ್ನ ಹತ್ತಿರ ಮಾತಾಡಲಿಲ್ಲ. ಸರಿಯಾಗಿ ಊಟವನ್ನೂ ಮಾಡಲಿಲ್ಲ. ಕೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟರು. ಮೂರನೆಯ ದಿನ ಬೆಳಗ್ಗೆ ಬ್ಯಾಗು ಕಟ್ಟಿಕೊಂಡು, “ಗುಬ್ಬಿ ಬಸ್ಸು ಹತ್ಸು” ಎಂದು ಮಗನ ಮುಂದೆ ನಿಂತರು. ನಮ್ಮನೆಯವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಮಾತು ಕಮ್ಮಿ. ಅವರು ನನ್ನ ಮುಖ ನೋಡಿದರು. ಬಾಣಂತನದ ಮನೆಯಿಂದ ಹಿರಿಯರು ಹೀಗೆ ಎದ್ದು ಹೋದರೆ ನಾನು ಯಾರಿಗೆ ಮುಖ ತೋರಿಸಲಿ? ನಡೆದದ್ದನ್ನೆಲ್ಲ ಹೇಳಿದೆ. ಮಂಡಿಪೇಟೆಗೆ ಹೋದದ್ದನ್ನೂ ಮುಚ್ಚಿಡಲಿಲ್ಲ. “ತಪ್ಪಾಯ್ತು ಅತ್ತೆ. ಯಾರಾದ್ರೂ ಹೊಲ್ದಿರ್ಲಿ, ನನಗೆ ಬೇಡ. ಹೋಗಬೇಡಿ” ಎಂದು ಕೈ ಹಿಡಿದುಕೊಂಡೆ.

ಅತ್ತೆ ಅಲ್ಲೇ ನಡುಮನೆಯ ಕಂಬಕ್ಕೆ ಒರಗಿ ಕೂತರು. ಬ್ಯಾಗು ಮಡಿಲಲ್ಲೇ ಇತ್ತು.

“ನಿಂದೇನ್ ತಪ್ಪು ಬುಡು” ಎಂದರು. ಆಮೇಲೆ ಮಗನ ಕಡೆ ತಿರುಗಿ, “ನಿನ್ನ ಮುಂಚೆ ಎರಡು ಹೋಗಿದ್ವು ಕಣ್ಲಾ ತಿಪ್ಪೇಶ. ಒಂದು ಒಂಬತ್ತು ದಿನಕ್ಕೆ, ಇನ್ನೊಂದು ತಿಂಗಳಿಗೆ” ಎಂದು ಶುರು ಮಾಡಿದರು.

ಮೂರನೆಯ ಸಲ ಬಸಿರಾಗಿ ತವರಿಗೆ ಹೋದಾಗ ಅತ್ತೆಗೆ ಇಪ್ಪತ್ತು ವರ್ಷ. ಗುಬ್ಬಿಯಲ್ಲಿ ಅವರ ಅತ್ತೆಮನೆಯವರು, ಇದೂ ನಿಲ್ಲದಿದ್ದರೆ ಮಗನಿಗೆ ಬೇರೆ ಮದುವೆ ಮಾಡುತ್ತೇವೆ ಎಂದು ಹೇಳಿಯೇ ಕಳಿಸಿದ್ದರಂತೆ. ಮಕ್ಕಳು ಉಳಿಯದ ಹೆಂಗಸು, ಮಕ್ಕಳು ಗಟ್ಟಿಯಾಗಿ ಉಳಿದ ಮನೆಯಿಂದ ಕೂಸು ತೊಟ್ಟ ಬಟ್ಟೆಯನ್ನು ಸೆರಗೊಡ್ಡಿ ಬೇಡಿ ತಂದು, ತನ್ನ ಕೂಸಿಗೆ ಮೊದಲು ಅದನ್ನೇ ಹಾಕಬೇಕು ಎಂದು ಆಗಿನವರು ನಂಬುತ್ತಿದ್ದರು. ಅತ್ತೆಯ ತವರುಮನೆಯ ಹಿಂದುಗಡೆಯೇ ಜೈನಾಬಿ ಎನ್ನುವವರ ಮನೆ. ಅವರ ಗಂಡ ಕುದುರೆ ಫಾರಂನ ಕುದುರೆಗಳ ಬೆನ್ನಿಗೆ ಹೊದಿಸುವ ಜೂಲು ಹೊಲಿಯುತ್ತಿದ್ದ ದರ್ಜಿ. ನಾಲ್ಕು ಮಕ್ಕಳು, ನಾಲ್ಕೂ ಗುಂಡುಕಲ್ಲಿನಂತಿದ್ದವು.

“ನಮ್ಮವ್ವನೇ ಹಿತ್ತಲ ಬಾಗಲಿಂದ ಕಳಿಸ್ತು. ಹೋಗಿ ಸೆರಗು ಒಡ್ಡಿದೆ. ಆಯಮ್ಮ ಏನೂ ಕೇಳ್ಲಿಲ್ಲ ಕಣ್ಲಾ. ತೊಡೆ ಮೇಲೆ ನಾಕು ತಿಂಗಳ ಕೂಸು ಆಡ್ತಿತ್ತು. ಅದರ ಮೈಮೇಲಿದ್ದ ಅಂಗೀನೇ ಬಿಚ್ಚಿ ನನ್ನ ಸೆರಗಿಗೆ ಹಾಕ್ತು. ‘ನಿನ್ನ ಮಗು ಉಳಿದ್ರೆ ಎತ್ಕಂಡ್ ಬಂದು ತೋರ್ಸು ಗೌರಮ್ಮ’ ಅಂತು. ಅಷ್ಟೇ ಕೇಳಿದ್ದು.”

ನಮ್ಮನೆಯವರು ಹುಟ್ಟಿದರು. ದೃಷ್ಟಿ ತಾಕದೆ ಉಳಿಯಲೆಂದು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪೇಸ್ವಾಮಿ ಎಂದು ಹೆಸರಿಟ್ಟರು. ಬಾಣಂತಿ ಮನೆಯಿಂದ ಆಚೆ ಹೋಗುವ ಹಾಗಿರಲಿಲ್ಲ. ಅಷ್ಟರಲ್ಲಿ ಗುಬ್ಬಿಯಿಂದ ಗಾಡಿ ಬಂತು, ಹೊರಟುಬಿಟ್ಟರು. ಅಂಗಿ ನೋಡಿದ ಅತ್ತೆಮನೆಯವರು ಯಾರು ಹೊಲಿದದ್ದು ಎಂದು ಕೇಳಿದರು. ಸಾಬರ ಮನೆಯಿಂದ ಬೇಡಿ ತಂದೆ ಎಂದರೆ ಒಳಗೆ ಸೇರಿಸುತ್ತಾರೋ ಇಲ್ಲವೋ ಎಂದು ಹೆದರಿ, ‘ನಾನೇ ಹೊಲಿದೆ’ ಅಂದರು. ಆ ಮಾತು ಹಾಗೇ ಉಳಿದುಬಿಟ್ಟಿತು.

“ಸರಿ, ಆಮೇಲಾದ್ರೂ ಹೋಗಬಹುದಿತ್ತಲ್ಲ ಅವ್ವ” ಎಂದರು ನಮ್ಮನೆಯವರು.

ಅತ್ತೆ ನೆಲ ನೋಡುತ್ತಾ ಹೇಳಿದರು. “ಹೋಗೋಣ ಅಂತ್ಲೇ ಇದ್ದೆ. ನಿಂಗೆ ವರ್ಷ ತುಂಬೋ ಹೊತ್ತಿಗೆ ತವರೂರಲ್ಲಿ ಸಿಡುಬು ಬಂತು. ಆಯಮ್ಮನ ಆ ಕೂಸು ಹೋಯ್ತು ಅಂತ ಸುದ್ದಿ ಬಂತು. ಮೈಮೇಲಿಂದು ಬಿಚ್ಚಿ ಕೊಟ್ಟಿದ್ದಕ್ಕೆ ಹಂಗಾಯ್ತು ಅಂತ ಅವರ ಮನೇಲಿ ಆಡ್ಕತಾವ್ರೆ ಅಂದ್ರು. ನಿನ್ನ ಎತ್ಕಂಡು ಆಯಮ್ಮನ ಮುಂದೆ ನಾನು ಹೆಂಗ್ಲಾ ನಿಂತ್ಕಳ್ಳಿ?”

ಸಿಕ್ಕಿಬಿದ್ದರು ಎಂದು ಖುಷಿಪಟ್ಟವಳು ನಾನೇ ತಾನೆ?

ನಮ್ಮನೆಯವರು ಎದ್ದು ಅತ್ತೆಯ ಮಡಿಲಿನಿಂದ ಬ್ಯಾಗು ತೆಗೆದಿಟ್ಟರು. “ಭಾನುವಾರ ಕುಣಿಗಲ್ಲಿಗೆ ಹೋಗೋಣ” ಎಂದರು.

“ಬ್ಯಾಡ ಕಣ್ಲಾ. ಇದ್ದಾಳೋ ಇಲ್ವೋ.”

“ಇಲ್ದಿದ್ರೆ ಮನೆ ನೋಡ್ಕೊಂಡು ಬರೋಣ.”

ವನಜಳ ಅತ್ತೆ ಬಂದಿದ್ದರು. ಬಾಣಂತಿ ಮಗುವನ್ನು ಅವರಿಗೆ ಒಪ್ಪಿಸಿ ಭಾನುವಾರ ಬೆಳಗ್ಗೆ ಮೂವರೂ ಬಸ್ಸು ಹತ್ತಿದೆವು. ಅಂಗಿ ಅತ್ತೆಯ ಸೊಂಟದಲ್ಲಿ, ಸೀರೆಯ ಮಡಿಕೆಯೊಳಗೆ ಇತ್ತು. ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟು ಕೂತಿದ್ದರು. ಕುಣಿಗಲ್ಲಿನಲ್ಲಿ ಇಳಿದ ಮೇಲೆ ಮಾತ್ರ ನಮ್ಮಿಬ್ಬರಿಗಿಂತ ಮುಂದೆ ಮುಂದೆ ನಡೆದರು. ಇಷ್ಟು ವರ್ಷ ಕಾಲಿಡದ ಊರಿನಲ್ಲಿ ಒಂದು ಕಡೆಯೂ ದಾರಿ ಕೇಳಲಿಲ್ಲ. ಅವರ ತವರುಮನೆ ಇದ್ದ ಜಾಗದಲ್ಲಿ ಒಂದು ಎಸ್‌ಟಿಡಿ ಬೂತು, ಪಕ್ಕದಲ್ಲಿ ಸೈಕಲ್ ಶಾಪು ಆಗಿತ್ತು. ಅತ್ತೆ ಅದರ ಕಡೆ ನೋಡಲೂ ಇಲ್ಲ. ಹಿಂದಿನ ಓಣಿಗೆ ತಿರುಗಿ, ಹಸಿರು ಬಾಗಿಲಿನ ಒಂದು ಹೆಂಚಿನ ಮನೆಯ ಮುಂದೆ ನಿಂತುಬಿಟ್ಟರು.

ಜಗಲಿಯ ಮೇಲೆ ನನ್ನ ವಯಸ್ಸಿನ ಹೆಂಗಸೊಬ್ಬಳು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. “ಯಾರ್ ಬೇಕಿತ್ತಮ್ಮ?” ಎಂದಳು. ಅತ್ತೆ ನನ್ನ ಕಡೆ ತಿರುಗಿದರು. ನಾನೇ, “ಜೂಲು ಹೊಲೀತಿದ್ದ ಸಾಬರ ಮನೆ... ಜೈನಾಬಿ ಅಂತ” ಎಂದೆ.

“ನಮ್ಮತ್ತೆ. ಒಳಗಡೆ ಇದಾರೆ ಬನ್ನಿ. ಕಣ್ಣು ಕಾಣಲ್ಲ ಅವರಿಗೆ. ಕಿವಿ ಮಾತ್ರ ಚೂಟಿ.”

ಇದ್ದರು! ಎಂಬತ್ತು ದಾಟಿದ, ಗುಬ್ಬಚ್ಚಿಯಂಥ ಮುದುಕಿ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣೆರಡೂ ಬೆಳ್ಳಗಾಗಿದ್ದವು. ಅತ್ತೆ ಹೊಸ್ತಿಲಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತರು. ನಾನು ಹತ್ತಿರ ಹೋಗಿ, “ಅಜ್ಜಿ, ತುಮಕೂರಿಂದ ಬಂದಿದೀವಿ. ನಿಮ್ಮ ಮುಂದಿನ ಮನೇಲಿದ್ರಲ್ಲ, ಗುಬ್ಬಿಗೆ ಕೊಟ್ಟಿದ್ರು...” ಎನ್ನುತ್ತಿದ್ದಂತೆ ಅವರು ನನ್ನ ಮಾತು ತಡೆದರು.

“ಗೌರಮ್ಮ?”

“ಹೂಂ ಅಕ್ಕ” ಎಂದರು ನಮ್ಮತ್ತೆ, ಬಾಗಿಲಿನಿಂದಲೇ.

ಮುದುಕಿ ನೆಟ್ಟಗೆ ಕೂತರು. ಹೇಗಿದೀಯ ಅನ್ನಲಿಲ್ಲ, ಯಾವಾಗ ಬಂದೆ ಅನ್ನಲಿಲ್ಲ. ಐವತ್ತೈದು ವರ್ಷದ ಮೇಲೆ ಅವರು ಕೇಳಿದ ಮೊದಲ ಮಾತು ಇದು.

“ನಿನ್ನ ಮಗು ಉಳೀತಾ?”

ನಮ್ಮನೆಯವರು ಹೋಗಿ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತರು. “ನಾನೇ ಅಮ್ಮ. ಇಲ್ಲೇ ಇದೀನಿ” ಎಂದರು. ಜೈನಾಬಿ ಕೈ ಚಾಚಿ ಅವರ ಮುಖ ತಡವಿದರು. ಮೂಗು, ಕೆನ್ನೆ, ಕಿವಿ ಎಲ್ಲ ಮುಟ್ಟಿ ನೋಡಿ ತಲೆಯ ಮೇಲೆ ಕೈಯಿಟ್ಟು, “ಅಯ್ಯೋ, ತಲೇಲಿ ಕೂದಲೇ ಇಲ್ವಲ್ಲಪ್ಪ ನಿಂಗೆ!” ಎಂದು ನಕ್ಕರು. ನಗುತ್ತಲೇ ಕಣ್ಣಿಂದ ನೀರು ಇಳಿಯಿತು. ನಮ್ಮನೆಯವರು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅತ್ತೆ ಬಂದು ಮಂಚದ ಕಾಲ ಹತ್ತಿರ ಕೂತು, ಸೊಂಟದಿಂದ ಅಂಗಿ ತೆಗೆದು ಜೈನಾಬಿಯ ಮಡಿಲಲ್ಲಿಟ್ಟರು. “ನನ್ನಿಂದ ನಿನ್ನ ಕೂಸು ಹೋಯ್ತು ಅಕ್ಕ” ಎಂದರು.

“ಏಯ್, ಯಾರ್ ಹೇಳಿದ್ರು?” ಮುದುಕಿಯ ದನಿ ಗಟ್ಟಿಯಾಯಿತು. “ಅಂದ್ರು, ನಮ್ಮ ಮನೇಲೂ ಅಂದ್ರು. ನಾನ್ ಕೇಳ್ಲಿಲ್ಲ. ಆ ವರ್ಷ ಈ ಓಣೀಲಿ ಎಷ್ಟ್ ಮಕ್ಕಳು ಹೋದ್ವು, ಅವೆಲ್ಲಾ ಯಾರಿಗೆ ಅಂಗಿ ಕೊಟ್ಟಿದ್ವು? ಸಿಡುಬು ಬಟ್ಟೆ ನೋಡಿ ಬರತ್ತಾ? ನನಗೆ ಒಂದೇ ಸಂಕಟ. ನಿಂದು ಏನಾಯ್ತೋ ಗೊತ್ತಾಗ್ಲಿಲ್ಲ. ನಿಮ್ಮವ್ವನ ಕೇಳೋಣ ಅಂದ್ರೆ ನನ್ನ ಕಂಡ್ರೆ ಬಾಗಿಲು ಹಾಕ್ಕೊಳ್ಳೋರು. ಅದೂ ಹೋಯ್ತೇನೋ, ಅದಕ್ಕೇ ಮುಖ ತಪ್ಪಿಸ್ತಾರೆ ಅಂದ್ಕೊಂಡೆ. ಎರಡರಲ್ಲಿ ಒಂದಾದ್ರೂ ಉಳೀತಾ ಅಂತ ಯಾರನ್ನ ಕೇಳ್ಲಿ?”

ಅತ್ತೆ ಅವರ ಮೊಣಕಾಲಿಗೆ ಹಣೆ ಹಚ್ಚಿ ಅತ್ತರು. ಜೈನಾಬಿ ಒಂದು ಕೈಯಲ್ಲಿ ಅತ್ತೆಯ ಬೆನ್ನು ಸವರುತ್ತಾ, ಇನ್ನೊಂದು ಕೈಯಲ್ಲಿ ಅಂಗಿಯನ್ನು ತಡವುತ್ತಾ ಕೂತಿದ್ದರು. ಬೆರಳುಗಳು ಕಸೆ, ಕಂಕುಳು, ಅಂಚು ಎಲ್ಲವನ್ನೂ ಒಂದೊಂದಾಗಿ ಗುರುತು ಹಿಡಿಯುತ್ತಿದ್ದವು. ಅದು ಅವರ ತಂದೆಯ ರುಮಾಲನ್ನು ಕತ್ತರಿಸಿ ಹೊಲಿದದ್ದಂತೆ. ಹಿಂಭಾಗದ ಆ ಹೊಲಿಯದ ಜಾಗಕ್ಕೆ ಬೆರಳು ಬಂದಾಗ ನನಗೆ ತಡೆಯಲಾಗಲಿಲ್ಲ.

“ಅಜ್ಜಿ, ಅಷ್ಟು ಯಾಕೆ ಹೊಲೀದೆ ಬಿಟ್ರಿ? ಮಗು ಬೆಳೀಲಿ ಅಂತಲಾ?”

“ಏನ್ ಬೆಳೆಯೋದು? ದಾರ ಮುಗೀತು ಕಣಮ್ಮ! ಯುದ್ಧದ ಕಾಲ, ಎಲ್ಲಿ ಸಿಕ್ತಿತ್ತು ದಾರ? ನಾಳೆ ಹೊಲೀತೀನಿ ಅಂತ ಹಾಗೇ ಮಗೂಗೆ ಹಾಕ್ದೆ, ಅಷ್ಟರಲ್ಲಿ ಇವಳು ಬಂದ್ಲು.”

ಅಳುತ್ತಿದ್ದ ನಮ್ಮತ್ತೆಗೆ ನಗು ಬಂದುಬಿಟ್ಟಿತು. ಅವರು ಹೇಳಿದ್ದನ್ನೇ ದೊಡ್ಡ ಶಾಸ್ತ್ರ ಮಾಡಿಕೊಂಡು, ನಾದಿನಿಯೊಬ್ಬಳು ತನ್ನ ಮಕ್ಕಳ ಬಟ್ಟೆಗೆಲ್ಲ ಹಾಗೇ ಬೆರಳಗಲ ಬಿಡಿಸುತ್ತಿದ್ದಳು ಎಂದು ನನಗೆ ಅವತ್ತೇ ಗೊತ್ತಾದದ್ದು.

ಸೊಸೆ ಶಮೀಮಮ್ಮ ಟೀ ಮಾಡಿ ತಂದಳು. ನಮ್ಮತ್ತೆ ಬೇರೆಯವರ ಮನೆಯಲ್ಲಿ ನೀರನ್ನೂ ಮುಟ್ಟುವವರಲ್ಲ. ಅವತ್ತು ಎರಡು ಲೋಟ ಟೀ ಕುಡಿದರು. ಹೊರಡುವ ಹೊತ್ತಿಗೆ ಅತ್ತೆ ಬಾಗಿಲವರೆಗೆ ಹೋದವರು ತಿರುಗಿ ಬಂದರು.

“ಅಕ್ಕ, ಆ ಕೂಸಿನ ಹೆಸರೇನು? ನಂಗೆ ಅದೂ ಗೊತ್ತಿಲ್ಲ.”

“ಬಷೀರ.”

“ಬಷೀರ” ಎಂದು ಅತ್ತೆ ಒಮ್ಮೆ ಹೇಳಿಕೊಂಡರು.

ಅಂಗಿ ಜೈನಾಬಿಯ ಕೈಯಲ್ಲೇ ಇತ್ತು. ಅವರು ಅದನ್ನು ವಾಪಸ್ ಕೊಡಲಿಲ್ಲ, ಇಟ್ಕೊಳ್ತೀನಿ ಅಂತಲೂ ಹೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು ಅಷ್ಟೇ. ಆ ಮಗುವಿನದು ಅಂತ ಆ ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ ಎಂದು ಆಮೇಲೆ ಶಮೀಮಮ್ಮ ಹೇಳಿದಳು. ನಮ್ಮಲ್ಲಿ ಯಾರಿಗೂ ಕೇಳುವ ಮನಸ್ಸಾಗಲಿಲ್ಲ. ಹಾಗೇ ಬಸ್ಸು ಹತ್ತಿದೆವು.

ಮನೆಗೆ ಬಂದ ಮೇಲೆ ನನ್ನ ಹತ್ತಿರ ಉಳಿದಿದ್ದು ಪೇಪರಿನ ಮೇಲಿನ ಪೆನ್ಸಿಲ್ ಗುರುತು ಮಾತ್ರ. ತಂದಿಟ್ಟಿದ್ದ ಹೊಸ ಮಲ್ ಬಟ್ಟೆಯನ್ನು ಒಳಗಿಟ್ಟು, ನಮ್ಮನೆಯವರ ಒಂದು ಹಳೇ ಪಂಚೆ ಕತ್ತರಿಸಿದೆ. ನೂರು ಸಲ ಒಗೆದು ಮೆತ್ತಗಾದ ಬಟ್ಟೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ, ಕೂಸು ಮಲಗಿದಾಗ, ಹಿತ್ತಲ ಬಾಗಿಲ ಬೆಳಕಲ್ಲಿ ಕೂತು ಹೊಲಿದೆ. ಕಂಕುಳ ಚೌಕವನ್ನು ಮೂರು ಸಲ ಬಿಚ್ಚಿದೆ. ಅತ್ತೆ ಪಕ್ಕದಲ್ಲೇ ಕೂತಿರುತ್ತಿದ್ದರು. ಒಂದು ದಿನ ತಾವಾಗಿಯೇ, “ನಂಗೆ ಸೂಜಿ ಹಿಡಿಯೋಕೇ ಬರಲ್ಲ ಕಣೇ” ಎಂದರು. ನಾನು ತಲೆ ಎತ್ತದೆ, “ಗೊತ್ತು ಅತ್ತೆ” ಎಂದೆ. ಇಬ್ಬರೂ ನಕ್ಕೆವು.

ಸಿಂಚನ ಎಂದು ಹೆಸರಿಟ್ಟ ಮೇಲೆ, ಐದನೇ ತಿಂಗಳಲ್ಲಿ ಕೂಸನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದೆವು. ಕೂಸು ಗುಂಡಗೆ ಬೆಳೆದು ನನ್ನ ಅಂಗಿ ಆಗಲೇ ಬಿಗಿಯಾಗಿತ್ತು. ಜೈನಾಬಿ ಮಗುವನ್ನು ಎದೆಗೆ ಹಾಕಿಕೊಂಡು, ಮುದ್ದಾಡಿ, ಮೊದಲು ಮಾಡಿದ ಕೆಲಸವೆಂದರೆ ಅದರ ಕಂಕುಳಿಗೆ ಬೆರಳು ಹಾಕಿ ನೋಡಿದ್ದು.

“ಕೈ ಪರವಾಗಿಲ್ಲ. ಚೌಕ ಮಾತ್ರ ಸೊಟ್ಟ. ಬಿಚ್ಚು” ಎಂದರು.

ಅಲ್ಲೇ ಬಿಚ್ಚಿಸಿದರು. ಕಣ್ಣು ಕಾಣದ ಆ ಮುದುಕಿ ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು, ಚೌಕದ ಮೂಲೆಯನ್ನು ಹೇಗೆ ತಿರುಗಿಸಬೇಕು, ದಾರವನ್ನು ಎಲ್ಲಿ ಸಡಿಲ ಬಿಡಬೇಕು ಎಂದು ಹೇಳಿಕೊಟ್ಟರು. ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮೊಮ್ಮಗಳು ಬರೀ ಮೈಯಲ್ಲಿ ನಮ್ಮತ್ತೆಯ ತೊಡೆಯ ಮೇಲೆ ಆಡುತ್ತಿದ್ದಳು.

ಆಮೇಲೆ ಜೈನಾಬಿ ಮೂರು ವರ್ಷ ಇದ್ದರು. ಅತ್ತೆ ಆಗಾಗ ಹೋಗಿ ಬರುತ್ತಿದ್ದರು. ಅತ್ತೆಯೂ ಈಗ ಇಲ್ಲ. ಸಿಂಚನಳಿಗೆ ಎಂಟು ವರ್ಷ. ನಾನು ಈವರೆಗೆ ನೆಂಟರಲ್ಲಿ, ಬೀದಿಯಲ್ಲಿ ಹುಟ್ಟಿದ ಹನ್ನೊಂದು ಮಕ್ಕಳಿಗೆ ಅಂಥ ಅಂಗಿ ಹೊಲಿದುಕೊಟ್ಟಿದ್ದೇನೆ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಜೈನಾಬಿಯ ಹೆಸರು ಹೇಳುತ್ತೇನೆ.

ಒಂದು ಮಾತನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆ ಅಂಗಿಯ ಗುಟ್ಟನ್ನು ನಾನು ಕೆದಕಿದ್ದು ಬರೀ ಹೊಲಿಗೆ ಕಲಿಯುವ ಆಸೆಗಲ್ಲ. ಅತ್ತೆಯನ್ನು ಒಂದು ಸಲವಾದರೂ ಸೋಲಿಸಬೇಕೆನ್ನುವ ಹಟವೂ ಇತ್ತು. ಅವರು ಬ್ಯಾಗು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತದ್ದು ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಆದರೆ ನಾನು ಕೆದಕದೇ ಇದ್ದಿದ್ದರೆ, ಆ ಮುದುಕಿ ತನ್ನ ಪ್ರಶ್ನೆಗೆ ಉತ್ತರ ಸಿಗದೆಯೇ ಹೋಗಿಬಿಡುತ್ತಿದ್ದರಲ್ಲ! ನನ್ನ ಹಟವನ್ನು ತಪ್ಪು ಎನ್ನಲೋ ಸರಿ ಎನ್ನಲೋ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.